ಹಲ್ಲು ಹೇಳಿದ ಊರು

ಮುದ್ರಾದರ್ಶಕ ಯಂತ್ರದ ಮೊನೆಯಿಂದ ಹೊರಟ ನೀಲಿ ಬೆಳಕು ಯಲ್ಲನಗೌಡರ ಮುಂದಿನ ಹಲ್ಲನ್ನು ಮುಟ್ಟಿ ಕ್ಷಣಹೊತ್ತು ನಿಂತಿತು. ಶಾಲೆಯ ಗೋಡೆಗೆ ತೂಗುಹಾಕಿದ್ದ ಪರದೆಯ ಮೇಲೆ ಹಸಿರು ಚುಕ್ಕೆ ಮೂಡಿ, ಕೆಳಗೆ ‘ಮಸಾರಿಹಾಳ’ ಎಂಬ ಹೆಸರು ಬಂತು. ಗೌಡರು ಮೀಸೆ ತೀಡಿಕೊಳ್ಳುತ್ತ, ತಮ್ಮ ಊರು ಯಾವುದೆಂದು ಯಂತ್ರದಿಂದ ಕೇಳಿ ತಿಳಿಯುವ ಕಾಲ ಬಂತಲ್ಲ ಎಂದು ನಕ್ಕರು. ನೆರೆದವರೂ ನಕ್ಕರು.

ಆ ನಗು ಡಾ. ಸುಮಂಗಲಾ ಕಂಠಿಗೆ ಹಿತವಾಗಿತ್ತು. ಯಂತ್ರವನ್ನು ಕಂಡುಹಿಡಿದವಳು ಅವಳೇ. ಊರ ಹಿಂದಿನ ಗುಡ್ಡವನ್ನು ಹಿಂದಿನ ತಿಂಗಳೇ ಅಳೆದು ಮುಗಿಸಿದ್ದಳು. ಮೇಲ್ಮಣ್ಣು ಕೊಚ್ಚಿಹೋಗಿ ಗರಸುಕಲ್ಲು ಎದ್ದಿತ್ತು. ಕೊರಕಲುಗಳು ವರ್ಷ ವರ್ಷ ಊರ ಕಡೆಗೆ ಬೆಳೆಯುತ್ತಿದ್ದವು. ಆದರೂ ಅಲ್ಲಿ ಮತ್ತೆ ಕಾಡು ಬರುವುದು ಸಾಧ್ಯವಿತ್ತು, ಅದನ್ನೇ ನಂಬಿದ ಜನ ಅದನ್ನು ಕಾಯ್ದರೆ. ಆದ್ದರಿಂದ ಯಾವ ಕಾಡು ಬೇಕೆಂದು ಆ ನೆಲದ ಜನರೇ ಮತ ಹಾಕಿ ಹೇಳಬೇಕೆಂದು ಹೊಸ ಕಾಯ್ದೆ ಹೇಳುತ್ತಿತ್ತು.

ಆದರೆ ಆ ನೆಲದ ಜನ ಯಾರು? ಹಿಂದಿನ ಯೋಜನೆಗಳೆಲ್ಲ ಮುರಿದುಬಿದ್ದದ್ದು ಇಲ್ಲೇ. ಎಲ್ಲಿಂದಲೋ ಬಂದ ವ್ಯಾಪಾರಿಗಳು ಊರಲ್ಲಿ ಒಂದು ಮನೆ ಮಾಡಿ, ಸಮಿತಿಯಲ್ಲಿ ಕೂತು, ತಮಗೆ ಬೇಕಾದ ಮರ ನೆಡಿಸಿ, ಕಡಿದುಕೊಂಡು ಹೋಗುತ್ತಿದ್ದರು. ಕಾಗದಪತ್ರಕ್ಕೆ ಸುಳ್ಳು ಹೇಳಲು ಬರುತ್ತದೆ, ಹಲ್ಲಿಗೆ ಬರುವುದಿಲ್ಲ ಎಂದು ಸುಮಂಗಲಾ ವಾದಿಸಿದ್ದಳು. ಒಂದೊಂದು ಊರಿನ ಮಣ್ಣಿನಲ್ಲೂ ಖನಿಜಗಳ ಬೆರಕೆ ಬೇರೆ. ಮಗು ಉಣ್ಣುವ ಕಾಳು, ಕುಡಿಯುವ ನೀರಿನ ಮೂಲಕ ಆ ಬೆರಕೆ ಹಲ್ಲಿನ ಹೊರಗವಚ ಸೇರುತ್ತದೆ. ಎಳವೆಯಲ್ಲಿ ಒಮ್ಮೆ ಗಟ್ಟಿಯಾದ ಮೇಲೆ ಸಾಯುವವರೆಗೆ ಬದಲಾಗುವುದಿಲ್ಲ. ಇದಕ್ಕೆ ಅವಳು ‘ನೆಲಮುದ್ರೆ’ ಎಂದು ಹೆಸರಿಟ್ಟಳು. ಹಸಿರು ಬಂದ ಯಾರೇ ಆದರೂ ಮತ ಹಾಕಬಹುದು, ಯಂತ್ರ ಕೊಟ್ಟ ತೀರ್ಪನ್ನು ಯಾವ ಅಧಿಕಾರಿಯೂ ತಿದ್ದಕೂಡದು ಎಂಬ ನಿಯಮವನ್ನೂ ಹಟ ಹಿಡಿದು ಕಾಯ್ದೆಗೆ ಸೇರಿಸಿದ್ದಳು.

ಮತದಾನಕ್ಕೆ ಮುನ್ನ ನಡೆದ ಆ ಬೆಳಗಿನ ತಪಾಸಣೆಯಲ್ಲಿ ಅವಳ ಮಾತು ನಿಜವಾಯಿತು. ಈಚೆಗೆ ಮನೆ ಕಟ್ಟಿಸಿದ್ದ ಮರದ ವ್ಯಾಪಾರಿಯೊಬ್ಬ ಬಾಯಿ ತೆರೆದ ಕೂಡಲೇ ಕೆಂಪು ಚುಕ್ಕೆ ಬಂತು. ಅವನು ತಲೆ ತಗ್ಗಿಸಿ ಹೊರನಡೆದಾಗ ಜನ ಚಪ್ಪಾಳೆ ತಟ್ಟಿದರು.

ಗಂಡಸರ ಸಾಲು ಮುಗಿದು ಹೆಂಗಸರ ಸಾಲು ಬಂತು. ಮೊದಲಿಗೆ ನಿಂತವಳು ಆಡು ಮೇಯಿಸುವ ಶಾವಂತ್ರೆವ್ವ. ಸೆರಗಿನಿಂದ ತುಟಿ ಒರೆಸಿಕೊಂಡು ಬಾಯಿ ತೆರೆದಳು. ಕೆಂಪು.

ಸುಮಂಗಲಾ ಮೊನೆಯನ್ನು ಒರೆಸಿ ಮತ್ತೆ ಹಿಡಿದಳು. ಮತ್ತೆ ಕೆಂಪು. ಹಿಂದಿನವಳನ್ನು ಕರೆದಳು, ಕೆಂಪು. ಅವಳ ಹಿಂದಿನವಳು, ಅವಳ ಹಿಂದಿನವಳು, ಕಂಕುಳಲ್ಲಿ ಕೂಸಿದ್ದವಳು, ಕೋಲೂರಿ ಬಂದವಳು, ಎಲ್ಲರೂ ಕೆಂಪು. ಊರೊಳಗೇ ಮದುವೆಯಾದ ನಾಲ್ಕೈದು ಹೆಂಗಸರಿಗೆ ಮಾತ್ರ ಹಸಿರು ಬಂತು. ಪರದೆ ರಕ್ತ ಚೆಲ್ಲಿದಂತೆ ಕಾಣುತ್ತಿತ್ತು. 

ಯಂತ್ರ ಕೆಟ್ಟಿದೆ ಎಂದುಕೊಂಡು ಸುಮಂಗಲಾ ಆಟವಾಡುತ್ತಿದ್ದ ಹುಡುಗಿಯೊಬ್ಬಳನ್ನು ಕರೆದು ನೋಡಿದಳು. ಹಸಿರು. ಆಗ ಅವಳಿಗೆ ಹೊಳೆಯಿತು. ಯಂತ್ರವನ್ನು ಅವಳು ಪರೀಕ್ಷಿಸಿದ್ದೆಲ್ಲ ಶಾಲೆಗಳಲ್ಲಿ. ಅಲ್ಲಿ ಹುಡುಗ ಹುಡುಗಿಯರು ಹುಟ್ಟಿದ ಊರಲ್ಲೇ ಇದ್ದರು. ಈ ಹುಡುಗಿಯರು ಮುಂದೆ ಎಲ್ಲಿಗೆ ಹೋಗುತ್ತಾರೆಂದು ಅವಳು ಯೋಚಿಸಿರಲಿಲ್ಲ. ಜಮಖಂಡಿಯಲ್ಲಿ ಹುಟ್ಟಿ ಧಾರವಾಡಕ್ಕೆ ಸೊಸೆಯಾಗಿ ಬಂದ ತಾನೇ ಅದನ್ನು ಮರೆತಿದ್ದೆನಲ್ಲ ಎಂದು ಅವಳಿಗೆ ದಿಗ್ಭ್ರಮೆಯಾಯಿತು.

ಶಾವಂತ್ರೆವ್ವ ಕದಲದೆ ನಿಂತಿದ್ದಳು.

“ಹಂಗಾದ್ರ ನಾ ಯಾವ ಊರಾಕಿರೀ ಮೇಡಂ?”

ಸುಮಂಗಲಾ ಪರದೆ ನೋಡಿ, “ಎರೆಕೊಪ್ಪ,” ಎಂದಳು.

“ಎರೆಕೊಪ್ಪಕ್ಕ ಹೋದ್ರ ಮಸಾರಿಹಾಳದಾಕಿ ಬಂದ್ಲು ಅಂತಾರ. ಇಲ್ಲಿ ನಿಮ್ಮ ಮಿಷನ್ನು ಎರೆಕೊಪ್ಪದಾಕಿ ಅಂತೈತಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಸುಮಂಗಲಾಗೆ ತಲೆ ಎತ್ತಲಾಗಲಿಲ್ಲ.

ಗೌಡರೂ ಗಂಡಸರೂ ಗುಡ್ಡಕ್ಕೆಲ್ಲ ತಂತಿಬೇಲಿ ಹಾಕಿ ನೀಲಗಿರಿ ನೆಡಬೇಕೆಂದಿದ್ದರು. ಬೇಗ ಬೆಳೆದು ಬೇಗ ಮಾರಾಟವಾಗುವ ಮರ ಅದು. ಹೆಂಗಸರು ಬೇವು, ಹೊಂಗೆ, ಬಾರಿ, ದಿಂಡಿಗ ಬೇಕು, ನಡುನಡುವೆ ಹುಲ್ಲು ಬೇಕು, ಸೌದೆಗೂ ಆಡಿಗೂ ದಾರಿ ಬಿಡಬೇಕು ಎನ್ನುತ್ತಿದ್ದರು. ನೀಲಗಿರಿ ಬಂದರೆ ಅಳಿದುಳಿದ ಮಣ್ಣೂ ಬರಡಾಗುತ್ತದೆಂದು ಸುಮಂಗಲಾಳ ಲೆಕ್ಕವೂ ಹೇಳುತ್ತಿತ್ತು. ಈಗ ನೀಲಗಿರಿ ಗೆದ್ದ ಹಾಗೆಯೇ. ಅವಳು ಅಂದೇ ಅರಣ್ಯ ಇಲಾಖೆಗೆ ಫೋನು ಮಾಡಿ, ಇಲ್ಲಿ ಬಾಳುವ ಹೆಂಗಸರನ್ನು ಸೇರಿಸಿಕೊಳ್ಳಿ ಎಂದು ಬೇಡಿಕೊಂಡಳು. ಯಂತ್ರದ ತೀರ್ಪನ್ನು ತಿದ್ದಕೂಡದೆಂದು ನಿಯಮ ಬರೆಸಿದವರು ನೀವೇ ಅಲ್ಲವೇ ಎಂದು ಮೇಲಧಿಕಾರಿ ಕೇಳಿ ಫೋನು ಇಟ್ಟರು.

ಅವಳು ಶಾವಂತ್ರೆವ್ವನ ಹಟ್ಟಿಗೆ ಹೋಗಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದಳು. ಬೇರೇನೂ ತೋಚದೆ, ಎರೆಕೊಪ್ಪದಲ್ಲಿ ಮತದಾನವಾಗುವಾಗ ನಿನ್ನ ಮತ ನಡೆಯುತ್ತದೆ ಎಂದೂ ಸೇರಿಸಿದಳು. ಅಂಥ ಸಮಾಧಾನಕ್ಕೆ ತನಗೇ ನಾಚಿಕೆಯಾಯಿತು.

ಶಾವಂತ್ರೆವ್ವ ಮರಿಗೆ ಸೊಪ್ಪು ತಿನ್ನಿಸುತ್ತಿದ್ದ ಕೈ ನಿಲ್ಲಿಸಿದಳು. “ಮತ್ತ ಇಲ್ಲಿಂದ ಹೊರಗ ಕೊಟ್ಟ ಹೆಣ್ಣುಮಕ್ಕಳು? ಅವರ ಹಲ್ಲು ಇಲ್ಲೀವನ ಏನ್ರೀ?”

“ಹೌದು. ಸಾಯೋತನಕ ಇಲ್ಲೀವ.”

ಶಾವಂತ್ರೆವ್ವ ಕೈಯ ಸೊಪ್ಪನ್ನು ಮರಿಯ ಮುಂದೆ ಹಾಕಿದಳು. ಚಹಾ ಕುಡಿದು ಹೋಗಿರೆಂದು ಒಳಗೆ ಎದ್ದುಹೋದಳು.

ಮತದಾನದ ದಿನ ಗಂಡಸರು ನಿರಾಳವಾಗಿ ಬೇವಿನ ಕಟ್ಟೆಯ ಮೇಲೆ ಕೂತಿದ್ದರು. ಬಿಸಿಲೇರುವ ಹೊತ್ತಿಗೆ ಮೊದಲ ಟ್ರ್ಯಾಕ್ಟರ್ ಬಂತು, ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಟಂಟಂ ಆಟೋಗಳು. ಹೆಂಗಸರು ಇಳಿದರು. ಮುಪ್ಪಾದವರು, ಬಸುರಿಯರು, ಬುತ್ತಿಗಂಟು ಹಿಡಿದವರು. ಸುತ್ತಲ ಹಳ್ಳಿಗಳಿಗೆ ಕೊಟ್ಟಿದ್ದ ಮಸಾರಿಹಾಳದ ಹೆಣ್ಣುಮಕ್ಕಳೆಲ್ಲ ಬಂದಿದ್ದರು. ಮುಂದೆ ಅವರ ಊರುಗಳಲ್ಲಿ ಮತದಾನವಾದಾಗ ಇಲ್ಲಿನ ಸೊಸೆಯಂದಿರು ತವರಿಗೆ ಹೋಗಿ ಅವರ ಪರ ಮತ ಹಾಕುವುದೆಂದು ಮಾತಾಗಿತ್ತು. ಊರೂರಿಗೆ ಮಾತು ಮುಟ್ಟಿಸಿದ್ದವಳು ಶಾವಂತ್ರೆವ್ವ.

ಒಂದಾದ ಮೇಲೆ ಒಂದು ಹಸಿರು ಚುಕ್ಕೆ ಬೀಳತೊಡಗಿತು. ಸುಮಂಗಲಾ ಮೊನೆಯನ್ನು ಒಂದೊಂದು ಹಲ್ಲಿಗೂ ಹಿಡಿಯುತ್ತ ಹೋದಳು. ತಾನು ಕಟ್ಟಿದ ಗೋಡೆಯಲ್ಲಿ ಇಂಥದೊಂದು ಬಾಗಿಲಿದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಗೌಡರು ಧಡಕ್ಕನೆ ಎದ್ದು ಬಂದು, ಇವರು ಯಾರೂ ಈ ಊರಿನವರಲ್ಲ, ಯಂತ್ರ ನಿಲ್ಲಿಸಿ ಎಂದು ಅಡ್ಡ ನಿಂತರು. ಸಾಲಿನಿಂದ ಅವರ ಸ್ವಂತ ತಂಗಿ ನೀಲಗಂಗವ್ವ ಮುಂದೆ ಬಂದಳು.

“ಅಣ್ಣಾ, ನಾ ಈ ಊರಾಕಿ ಅಲ್ಲ ಅಂತ ನೀ ಹೇಳು. ಮಿಷನ್ನು ಹೇಳಾಂಗಿಲ್ಲ.”

ಗೌಡರು ಪಕ್ಕಕ್ಕೆ ಸರಿದರು. ಸಂಜೆಗೆ ನೀಲಗಿರಿ ಸೋತಿತ್ತು.

ಸುತ್ತಲ ಊರುಗಳಲ್ಲೂ ಹೀಗೆಯೇ ಆಗತೊಡಗಿದಾಗ, ಒಂದು ದಿನ ಗೌಡರು ಏಳೆಂಟು ಊರುಗಳ ಹಿರಿಯರನ್ನು ಕಟ್ಟಿಕೊಂಡು ಧಾರವಾಡದಲ್ಲಿದ್ದ ಸುಮಂಗಲಾಳ ಕಚೇರಿಗೆ ಬಂದರು. ಕಾಯ್ದೆ ತಿದ್ದಬೇಕು, ನೀವು ಬರೆದರೆ ಸರಕಾರ ಕೇಳುತ್ತದೆ ಎಂದರು. ಏನೆಂದು ಬರೆಯಲಿ ಎಂದು ಸುಮಂಗಲಾ ಕೇಳಿದಳು.

“ಎಲ್ಲ್ಯಾರ ಹುಟ್ಲಿ, ಎಲ್ಲ್ಯಾರ ಬೆಳೀಲಿ ಮೇಡಂ,” ಎಂದರು ಗೌಡರು. “ದಿನಾ ಗುಡ್ಡ ಏರಿ ಇಳಿಯೋರು ಯಾರೋ, ಗುಡ್ಡ ಅವರದು. ಇದು ನ್ಯಾಯ.”

ಸುಮಂಗಲಾ ಬೆರಗಾಗಿ ಅವರ ಮುಖ ನೋಡಿದಳು. ಇಲಾಖೆಯ ಮುಂದೆ ತಾನು ಬೇಡಿಕೊಂಡಿದ್ದೂ ಇದನ್ನೇ.

“ನಿಮ್ಮೂರಾಗ ದಿನಾ ಗುಡ್ಡಕ್ಕ ಯಾರು ಹೋಗ್ತಾರ್ರೀ ಗೌಡ್ರ?”

 ಜೊತೆಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.  ಗೌಡರು ಹೆಗಲ ಮೇಲಿನ ಟವಲು ತೆಗೆದು ತೊಡೆಯ ಮೇಲೆ ಮಡಿಸಿಟ್ಟುಕೊಂಡರು.

“ನಮ್ಮ ಮನ್ಯಾಗ,” ಎಂದರು ಕೊನೆಗೆ, ಮೆಲ್ಲಗೆ, “ನಮ್ಮಾಕಿ ಹೋಗ್ತಾಳ.”