ಉಪ್ಪಿಲ್ಲದ ಪೊಟ್ಟಣಕ್ಕೆ ಒಂಬತ್ತು ಅಂಕ

"ಒಂಬತ್ತಕ್ಕೆ ಒಂಬತ್ತಾ?!"

ಅವಳು ಚೀಟಿಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದಳು. ಎದುರಿಗೆ ಕುಳಿತಿದ್ದ ಪೈಲಟ್ ಪೊಟ್ಟಣದ ತಳಕ್ಕೆ ಚಮಚ ಹಾಕಿ ಕೊನೆಯ ತುತ್ತನ್ನೂ ಬಳಿದು ತಿನ್ನುತ್ತಿದ್ದ.

"ಏನ್ಮಾಡೋದು, ಹತ್ತು ಕೊಡೋ ಹಾಗಿಲ್ವಲ್ಲ!" ಎಂದು ನಕ್ಕ.

ಆ ನಗುವಿಗೆ ಅವಳ ಎದೆ ಡವಡವ ಹೊಡೆದುಕೊಂಡಿತು.

ಬಾಹ್ಯಾಕಾಶಕ್ಕೆ ಹೋಗುವವರಿಗೆ ಊಟ ತಯಾರಿಸುವ ಅಡುಗೆಮನೆಗೆ ಅವಳು ಹೊಸಬಳು. ಬೇಯಿಸಿದ್ದನ್ನು ಹೆಪ್ಪುಗಟ್ಟಿಸಿ, ಒಣಗಿಸಿ, ಪೊಟ್ಟಣ ಕಟ್ಟುವುದು ಅವಳ ಕೆಲಸ. ಮೇಲೆ ಹೋದಾಗ ಬಿಸಿನೀರು ತುಂಬಿದರೆ ಊಟ ಸಿದ್ಧ. ಹೊರಡುವ ನಾಲ್ವರೂ ಮೊದಲು ಇಲ್ಲಿಯೇ ರುಚಿ ನೋಡಿ, ಒಂಬತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಒಬ್ಬರಾದರೂ ಪೂರ್ತಿ ಅಂಕ ಕೊಟ್ಟರೆ ಆ ಅಡುಗೆಗೆ ಇನ್ನೊಂದು ಅವಕಾಶ. ಇಲ್ಲವಾದರೆ ಕಸದಬುಟ್ಟಿ.

ಅವನು ಹೋದ ಮೇಲೆ ಉಳಿದ ಮೂರು ಚೀಟಿ ಬಿಡಿಸಿದಳು. ಎರಡು... ಮೂರು... ಎರಡು!

ಕೊನೆಯ ಚೀಟಿಯ ಕೆಳಗೆ ಯಾರೋ ಬರೆದಿದ್ದರು: "ತಾಯಿ, ಉಪ್ಪು ತುಟ್ಟಿಯಾಯ್ತಾ?"

ಗಾಬರಿಯಿಂದ ತಾನೇ ಒಂದು ಚಮಚ ಬಾಯಿಗಿಟ್ಟಳು. ಕುಂಬಳಕಾಯಿ ಸೂಪಿನಲ್ಲಿ ಉಪ್ಪಿನ ಸುಳಿವೇ ಇರಲಿಲ್ಲ. ಮರೆತಿದ್ದಳು!

ಹಾಗಾದರೆ ಅವನಿಗೆ ಹೇಗೆ ರುಚಿಸಿತು? ನಾಲಿಗೆ ಸತ್ತಿದೆಯೇ? ಮೂಗೂ ಹೋಗಿದೆಯೇ? ನೌಕೆಯೊಳಗೆ ತಂತಿ ಸುಟ್ಟರೆ ಆ ವಾಸನೆ ಅವನಿಗೆ ತಿಳಿಯುವುದು ಹೇಗೆ? ಅನುಮಾನ ಬಂದರೆ ವೈದ್ಯರಿಗೆ ತಿಳಿಸಬೇಕು ಎಂಬುದು ನಿಯಮ. ಅವಳು ತಿಳಿಸಿದಳು.

ಅವನನ್ನು ಒಂದು ಮಾತೂ ಕೇಳಲಿಲ್ಲ.

ವಾರದ ನಂತರ ಪಯಣಿಗರ ಪಟ್ಟಿಯಲ್ಲಿ ಅವನ ಜಾಗಕ್ಕೆ ಬೇರೊಬ್ಬರು ಬಂದಿದ್ದರು.

"ಅವರ ಮೂಗು, ನಾಲಿಗೆ ಎಲ್ಲಾ ಸರಿಯಾಗಿದೆ" ಎಂದರು ಡಾಕ್ಟರಮ್ಮ. "ಮತ್ತೆ ಸುಳ್ಳು ಅಂಕ ಯಾಕೆ ಹಾಕಿದ್ರಿ ಅಂತ ಆಯ್ಕೆ ಸಮಿತಿಯವರು ಕೇಳಿದ್ರು. ಬಾಯೇ ಬಿಡ್ಲಿಲ್ಲ ಪುಣ್ಯಾತ್ಮ! ಪರೀಕ್ಷೇಲಿ ಸುಳ್ಳು ಬರೆಯೋರನ್ನ ಮೇಲೆ ಕಳಿಸೋದು ಹೇಗೆ ಹೇಳು?"

ಅವಳಿಗೆ ಆಗ ನೆನಪಾಯಿತು. ರುಚಿ ನೋಡುವ ಹಿಂದಿನ ದಿನವೇ ಅಡುಗೆಮನೆಯ ಮುಖ್ಯಸ್ಥೆ ಅವಳನ್ನು ಹಾದಿಯಲ್ಲಿ ನಿಲ್ಲಿಸಿ, "ಇನ್ನೊಂದು ಪೊಟ್ಟಣ ಕಸದಬುಟ್ಟಿ ಸೇರಿದ್ರೆ ಕೆಲಸ ಬಿಟ್ಟು ಮನೇಲಿ ಕೂತ್ಕೋ" ಎಂದು ಗದರಿದ್ದರು. ಆಗ ಪಕ್ಕದ ನಲ್ಲಿಯಲ್ಲಿ ಬಾಟಲಿಗೆ ನೀರು ತುಂಬಿಸುತ್ತಿದ್ದವನು ಅವನೇ!

ನನ್ನನ್ನು ಉಳಿಸಲು ಹೋದವನನ್ನೇ ನಾನು ಮುಳುಗಿಸಿದೆನಲ್ಲ...

ಅಂದು ಮನೆಯಲ್ಲಿ ಅವಳಿಗೆ ಅನ್ನ ಸೇರಲಿಲ್ಲ.

"ಯಾಕೆ ಪುಟ್ಟಿ, ತಟ್ಟೇಲಿ ಗೆರೆ ಎಳೀತಾ ಕೂತಿದೀಯಾ?" ಎಂದರು ಅಮ್ಮ.

"ಒಬ್ಬರ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಬಿಟ್ಟೆ ಅಮ್ಮಾ..." ಕಣ್ಣು ತುಂಬಿ ಬಂತು.

"ಮತ್ತೆ ನನ್ನ ಮುಂದೆ ಅತ್ರೆ ಏನು ಬಂತು? ಹೋಗಿ ಅವರ ಮುಂದೆ ಹೇಳು."

ಮರುದಿನ ಬೆಳಿಗ್ಗೆ ರುಚಿ ನೋಡುವ ಕೋಣೆಯಲ್ಲಿ ಅವನು ತನ್ನ ಜಾಗಕ್ಕೆ ಬಂದವನಿಗೆ ಪಾಠ ಹೇಳುತ್ತಿದ್ದ. "ಬ್ರೆಡ್ ಆಸೆ ಬಿಟ್ಬಿಡಿ, ಚೂರು ಹಾರಿ ಯಂತ್ರದೊಳಗೆ ಹೋಗತ್ತೆ. ಮೇಲೆ ಮೂಗು ಕಟ್ಕೊಳ್ಳತ್ತೆ, ಖಾರ ಜಾಸ್ತಿ ತಗೊಂಡು ಹೋಗಿ..." ತಾನು ಉಣ್ಣಬೇಕಿದ್ದ ಊಟವನ್ನು ಇನ್ನೊಬ್ಬರಿಗೆ ಹೀಗೆ ನಗುನಗುತ್ತಾ ಬಡಿಸುವುದು ಎಷ್ಟು ಜನರಿಗೆ ಬರುತ್ತದೆ? ಬಾಗಿಲ ಹೊರಗೆ ನಿಂತಿದ್ದ ಅವಳಿಗೆ ಅಲ್ಲಿಯೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪಾಠ ಮುಗಿದು ಆ ಹೊಸಬ ಹೊರಟ ಮೇಲೆ ಒಳಗೆ ಹೋದಳು.

"ಡಾಕ್ಟರಿಗೆ ಬರೆದದ್ದು ನಾನು."

"ಗೊತ್ತು."

"ನನ್ನ ಕೆಲಸ ಉಳಿಸೋಕೆ ತಾನೇ ಆ ಒಂಬತ್ತು?"

ಅವನು ಪೊಟ್ಟಣ ಬಿಡಿಸುವ ಕತ್ತರಿಯನ್ನು ಒರೆಸಿ ಡಬ್ಬಿಗೆ ಹಾಕಿದ.

"ಸಮಿತಿ ಮುಂದೆ ಹೇಳ್ತೀನಿ."

"ಬೇಡ! ನಿಮ್ಮ ಕೆಲಸ ಹೋಗತ್ತೆ."

"ಹೋಗ್ಲಿ! ನನಗೆ ಅನ್ನ ಸೇರಬೇಕು, ಅಷ್ಟೇ."

ಹೇಳಿದಳು. ಉಪ್ಪು ಮರೆತದ್ದನ್ನು, ಬೈಗುಳವನ್ನು, ಕೇಳದೇ ಬರೆದದ್ದನ್ನು... ಒಂದನ್ನೂ ಮುಚ್ಚಿಡಲಿಲ್ಲ. ಸಮಿತಿ ಅವಳನ್ನು ಒಲೆಯಿಂದ ತೆಗೆದು ಪೊಟ್ಟಣಗಳಿಗೆ ಹೆಸರು ಅಂಟಿಸುವ ಮೇಜಿಗೆ ಹಾಕಿತು. ಅವನು ಮುಂದಿನ ಪಯಣದ ಆಯ್ಕೆಗೆ ಬರಬಹುದು ಎಂದಿತು. ಈ ಬಾರಿಯ ಸೀಟು ಮಾತ್ರ ಹೋಗಿಯೇ ಹೋಯಿತು.

ನೌಕೆ ಹಾರಿದ ದಿನ ಅವಳು ಅವನನ್ನು ಹುಡುಕಿಕೊಂಡು ಹೋದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಅವನು ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬನೇ ಕುಳಿತಿದ್ದ. ಎದುರಿನ ಕುರ್ಚಿ ಎಳೆದುಕೊಂಡಳು.

"ನನ್ನ ಮೇಲೆ ಕೋಪ ಇಲ್ವಾ?"

"ಛೇ, ಕೋಪ ಎಲ್ಲಿ..." ಎಂದವನು ತಟ್ಟನೆ ಮಾತು ನಿಲ್ಲಿಸಿದ. "ಇಲ್ಲ. ನಿಮ್ಮ ಹತ್ರ ಇನ್ಮೇಲೆ ಸುಳ್ಳು ಹೇಳಲ್ಲ. ಇದೆ. ಹತ್ತು ವರ್ಷದ ಕನಸು... ತುಂಬಾನೇ ಕೋಪ ಇದೆ."

ಅವಳ ಕಣ್ಣಿಂದ ನೀರು ದಳದಳ ಉದುರಿತು. ಆದರೂ ಎಷ್ಟೋ ದಿನಗಳ ನಂತರ ಎದೆಯ ಭಾರ ಕೊಂಚ ಇಳಿಯಿತು.

"ಪ್ರೀತೀನೂ ಇದೆ" ಎಂದ ಅವನು, ತಲೆ ತಗ್ಗಿಸಿ. "ಎರಡೂ ಒಟ್ಟಿಗೇ ಇದೆ. ಏನ್ಮಾಡ್ಲಿ?"

"ನನಗೂ ಪ್ರೀತಿ ಇದೆ..." ಎಂದಳು. ಕಣ್ಣೊರೆಸಿಕೊಂಡು ಮೆಲ್ಲನೆ ಕೇಳಿದಳು, "ಆ ಕೋಪ... ಎಷ್ಟು ದಿನ ಇರತ್ತೆ?"

"ಗೊತ್ತಿಲ್ಲ. ಪಕ್ಕದಲ್ಲೇ ಇದ್ದು ನೋಡ್ತೀರಾ?"

ಅವಳು ಎದ್ದು ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ನೋಡ್ತೀಯಾ ಅನ್ನು" ಎಂದಳು.