ತೊಂಬತ್ತಾರು ಟಿಕ್

"ಸುಮ್ನಿರೋ ಶ್ರೀಕರ್! ಲೆಕ್ಕ ತಪ್ಪೋಗುತ್ತೆ!"

ಸಮನ್ವಿತಾ ಕಿವಿಯನ್ನು ಡಬ್ಬಿಯ ಹತ್ತಿರಕ್ಕೆ ತಂದಳು. ಅದು ಸ್ಕೂಲ್ ಲ್ಯಾಬಿನಿಂದ ತಂದ ಗೈಗರ್ ಕೌಂಟರ್. ಅಂಕಿ ತೋರಿಸುವ ಪರದೆ ಯಾವ ಕಾಲಕ್ಕೋ ಕೆಟ್ಟಿತ್ತು. ವಿಕಿರಣ ತಾಗಿದಾಗಲೆಲ್ಲ ಟಿಕ್ ಅನ್ನುವುದು ಮಾತ್ರ ನಿಂತಿರಲಿಲ್ಲ. ವಿಕಿರಣ ಎಲ್ಲ ಕಡೆಯೂ ಒಂಚೂರು ಇದ್ದೇ ಇರುತ್ತದೆ. ಹಾಗಾಗಿ ಖಾಲಿ ಮೇಜಿನ ಮೇಲಿಟ್ಟರೂ ನಿಮಿಷಕ್ಕೆ ಇಪ್ಪತ್ತೆರಡು ಟಿಕ್ ಬರುತ್ತಿತ್ತು.

ಈಗ ಅದರ ಕೆಳಗೆ ಒಂದು ಒದ್ದೆ ಟಿಶ್ಯೂ ಇತ್ತು. ಆಗತಾನೆ ನಿಂತ ಮಳೆಯ ನೀರನ್ನು ಎದುರುಮನೆ ಗಂಗಾಧರಯ್ಯ ಅಂಕಲ್ ಅವರ ಕಾರಿನ ಬಾನೆಟ್ ಮೇಲಿಂದ ಇಬ್ಬರೂ ಒರೆಸಿ ತಂದಿದ್ದರು.

"ತೊಂಬತ್ತಾರು!" ಸಮನ್ವಿತಾ ಕಿರುಚಿದಳು. "ಒಂದೇ ನಿಮಿಷಕ್ಕೆ ತೊಂಬತ್ತಾರು ಕಣೋ!"

"ಸಖತ್!" ಶ್ರೀಕರ್ ಕುಣಿದೇಬಿಟ್ಟ. ಶುಕ್ರವಾರದ ಎಕ್ಸಿಬಿಷನ್‌ಗೆ ಅವರಿಬ್ಬರ ಪ್ರಾಜೆಕ್ಟಿನ ಹೆಸರು 'ಬಾಂಬ್ ಮಳೆ ಇನ್ನೂ ಬರುತ್ತಾ?' ಅಂತ. ಬಾಂಬ್ ಮಳೆ ಅಂದರೆ ಅಣುಬಾಂಬಿನ ಧೂಳು ಬೆರೆತ ಮಳೆ. ಬರುತ್ತದೆ ಎಂದು ಗೊತ್ತಾದರೆ ಫಸ್ಟ್ ಪ್ರೈಜ್ ಗ್ಯಾರಂಟಿ ಅಲ್ಲವೇ? ಅವನು ಆಗಲೇ ಅಮ್ಮನ ಮೊಬೈಲಿನಲ್ಲಿ ವೀಡಿಯೋ ಮಾಡಿಬಿಟ್ಟಿದ್ದ. ಕಾಫಿ ಆರುವಷ್ಟರಲ್ಲಿ ಅದು ಹನುಮಂತನಗರದ ಆ ರಸ್ತೆಯ ವಾಟ್ಸಾಪ್ ಗ್ರೂಪಿಗೆ ಹೋಯಿತು. ಅಲ್ಲಿಂದ ಇನ್ನೂ ನಾಲ್ಕು ಗ್ರೂಪಿಗೆ ಹಾರಿತು.

ಮಾರನೆಯ ದಿನ ಸಮನ್ವಿತಾ ಸ್ಕೂಲಿನಿಂದ ಬರುವಾಗ ರಸ್ತೆಯ ತಿರುವಿನಲ್ಲಿ ಮೌನೇಶನ ಲಗೇಜ್ ಆಟೋ ನಿಂತಿತ್ತು. ಮೌನೇಶ ತಲಘಟ್ಟಪುರದ ಆಚೆ ಸೊಪ್ಪು ಬೆಳೆಯುತ್ತಾನೆ, ತಾನೇ ತಂದು ಮಾರುತ್ತಾನೆ. ಬೇರೆ ದಿನವಾದರೆ ಆ ಹೊತ್ತಿಗೆ ಆಂಟಿಯರು ಮುತ್ತಿಕೊಂಡಿರುತ್ತಿದ್ದರು. ಇವತ್ತು ಒಬ್ಬರೂ ಇರಲಿಲ್ಲ.

"ಯಾಕಣ್ಣ ಇಷ್ಟೊಂದು ಉಳಿದಿದೆ?"

"ಅದೇನೋ ಗೊತ್ತಿಲ್ಲ ಪುಟ್ಟಿ. ಮಳೇಲಿ ಬಾಂಬ್ ಪುಡಿ ಐತಂತೆ, ನೆಂದ ಸೊಪ್ಪು ಮುಟ್ಟಬೇಡಿ ಅಂತ ಗಂಗಾಧರಯ್ಯೋರು ಮೊಬೈಲಲ್ಲಿ ಹಾಕವ್ರಂತೆ. ಯಾರೋ ಹುಡುಗರು ಮಿಷಿನ್ ಇಟ್ಟು ನೋಡಿದ್ರಂತೆ." ಅವನು ಬಾಡಿದ ದಂಟಿನ ಕಟ್ಟೊಂದನ್ನು ಪಕ್ಕಕ್ಕೆ ಎಸೆದ. "ಎಲ್ಲಾ ಹಸುಗೆ ಹಾಕಬೇಕು ಇನ್ನು."

ಆ ಹುಡುಗರಲ್ಲಿ ಒಬ್ಬಳು ತನ್ನ ಎದುರಿಗೇ ನಿಂತಿದ್ದಾಳೆ ಎಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಹೇಳದೆ ಸಮನ್ವಿತಾ ಸರಸರನೆ ಮನೆ ಕಡೆ ನಡೆದಳು.

ಮನೆಗೆ ಬಂದರೆ ಪಂಕಜಜ್ಜಿ ತಿಲಕ್ ನಗರದ ಅತ್ತೆ ಮನೆಯಿಂದ ವಾಪಸ್ ಬಂದಿದ್ದರು. ಅಜ್ಜಿ ವಯಸ್ಸಿನಲ್ಲಿದ್ದಾಗ ಲ್ಯಾಬ್ ಅಸಿಸ್ಟೆಂಟ್. ಮಳೆನೀರಿನ ವಿಕಿರಣ ಅಳೆಯುವುದೇ ಅವರ ಕೆಲಸವಾಗಿತ್ತು. ಸಮನ್ವಿತಾ ನಡೆದದ್ದನ್ನೆಲ್ಲ ಹೇಳಿದಾಗ ಅವರು ಬೈಯಲಿಲ್ಲ. ಕನ್ನಡಕ ಏರಿಸಿ ಒಂದೇ ಪ್ರಶ್ನೆ ಕೇಳಿದರು.

"ಎಷ್ಟು ಹೊತ್ತು ಕಾದೆ?"

"ಕಾಯೋದಾ? ಮಳೆ ನಿಂತ ತಕ್ಷಣ ಎಣಿಸಿದ್ವಿ!"

"ಅಲ್ಲೇ ಎಡವಿದ್ದು ನೀವು. ನಮ್ಮ ಕಾಲದಲ್ಲಿ ಬೇರೆ ದೇಶದೋರು ಬಯಲಲ್ಲೇ ಅಣುಬಾಂಬ್ ಸಿಡಿಸಿ ಟೆಸ್ಟ್ ಮಾಡ್ತಿದ್ರು. ಅದರ ಧೂಳು ಗಾಳೀಲಿ ತೇಲಿ ಬಂದು ಮಳೆ ಜೊತೆ ಇಳೀತಿತ್ತು. ನಾವು ಟೆರೇಸ್ ಮೇಲೆ ಸ್ಟೀಲ್ ಟ್ರೇ ಇಟ್ಟು ನೀರು ಹಿಡೀತಿದ್ವಿ. ಅದನ್ನ ಇಂಗಿಸಿ, ತಳದಲ್ಲಿ ಉಳಿದಿದ್ದನ್ನ ಎಣಿಸೋದು. ಆದ್ರೆ ಅವತ್ತೇ ಅಲ್ಲ. ನಾಲ್ಕು ದಿನ ಬೀರುನಲ್ಲಿ ಇಟ್ಟು, ಆಮೇಲೆ."

"ಯಾಕಜ್ಜಿ?"

"ನೆಲದೊಳಗಿಂದ ರೇಡಾನ್ ಅನ್ನೋ ಗಾಳಿ ಯಾವಾಗ್ಲೂ ಬರ್ತಾನೇ ಇರುತ್ತೆ. ಬಾಂಬ್ ಇಲ್ಲದ ಕಾಲದಲ್ಲೂ ಬರ್ತಿತ್ತು. ಅದರಿಂದ ಹುಟ್ಟಿದ್ದೂ ಮಳೇಲಿ ಇಳಿಯುತ್ತೆ, ಟಿಕ್ ಟಿಕ್ ಅನ್ನುತ್ತೆ. ಆದ್ರೆ ಅದರಲ್ಲಿ ಹೆಚ್ಚಿನದು ಮೂರು ಗಂಟೇಲಿ ಸುಮ್ಮನಾಗುತ್ತೆ, ಒಂಚೂರು ಉಳಿದಿದ್ದಕ್ಕೆ ನಮಗೆ ನಾಲ್ಕು ದಿನ. ಕಾದ ಮೇಲೂ ಟಿಕ್ ಕಮ್ಮಿ ಆಗದೆ ಇದ್ರೆ, ಆಗ ಬಾಂಬ್ ಧೂಳಿನ ಅನುಮಾನ."

ಮಂಗಳವಾರ ಸಂಜೆ ಮತ್ತೆ ಮಳೆ ಬಂತು. ನಿಲ್ಲುತ್ತಿದ್ದಂತೆ ಸಮನ್ವಿತಾ ಕೌಂಟರ್, ಟಿಶ್ಯೂ, ನೋಟ್‌ಬುಕ್ ಹಿಡಿದು ಹೊರಟಳು.

"ತಲೆ ಕೆಟ್ಟಿದ್ಯೇನೇ?" ಶ್ರೀಕರ್ ಅಡ್ಡ ನಿಂತ. "ಕಮ್ಮಿ ಬಂದ್ರೆ ನಮ್ಮ ಪ್ರಾಜೆಕ್ಟ್ ಢಮಾರ್! ತೊಂಬತ್ತಾರು ಸುಳ್ಳೇನಲ್ವಲ್ಲ, ನಿಜವಾಗ್ಲೂ ಬಂತಲ್ಲ?"

"ಬಂತು. ಅರ್ಧ ಕತೆ ಹೇಳಿ ನಿಲ್ಲಿಸಿಬಿಟ್ವಿ. ದಾರಿ ಬಿಡು."

ಅವಳು ನೆಟ್ಟಗೆ ಆಟೋ ಹತ್ತಿರ ಹೋದಳು. ಹೇಳಿಬಿಟ್ಟಳು.

"ಅಣ್ಣ, ಆ ಮಿಷಿನ್ ಇಟ್ಟಿದ್ದು ನಾನೇ. ಸಾರಿ. ಇವತ್ತು ಪೂರ್ತಿ ಅಳೀತೀನಿ. ಮೂರು ಗಂಟೆ ಹೊತ್ತು ಹಿಡಿಯುತ್ತೆ."

ಮೌನೇಶ ಅವಳನ್ನೇ ನೋಡಿದ. ಅವನ ಮುಖದಲ್ಲಿ ಕೋಪ ಬಂದು ಹೋದದ್ದು ಅವಳಿಗೆ ಕಂಡಿತು. "ಅಳೆ," ಎಂದ. "ಹೆಂಗೂ ಯಾರೂ ಬರಲ್ಲ."

ಸೊಪ್ಪಿನ ಮೇಲೆ ಹೊದಿಸಿದ್ದ ಟಾರ್ಪಾಲನ್ನು ಟಿಶ್ಯೂವಿನಿಂದ ಒರೆಸಿ ಎಣಿಸಿದಳು. ತೊಂಬತ್ತೊಂದು. ಗಟ್ಟಿಯಾಗಿ ಕೂಗಿ, ನೋಟ್‌ಬುಕ್ಕಿನಲ್ಲಿ ಬರೆದಳು. ಬಾಲ್ಕನಿಗಳಿಂದ ತಲೆಗಳು ಇಣುಕಿದವು.

ರಸ್ತೆಯ ಅಸೋಸಿಯೇಷನ್ ಪ್ರೆಸಿಡೆಂಟ್ ಗಂಗಾಧರಯ್ಯ ಛತ್ರಿ ಹಿಡಿದೇ ಬಂದರು. ಮಳೆ ನಿಂತಿದ್ದರೂ ಛತ್ರಿ ಮುಚ್ಚಿರಲಿಲ್ಲ. "ಏನಮ್ಮ ಇದು ತಮಾಷೆ? ಮನೆಗೆ ಹೋಗು. ಜನರ ಆರೋಗ್ಯದ ವಿಷಯ ಇದು."

"ಹೋಗಲ್ಲ ಅಂಕಲ್. ತೊಂಬತ್ತಾರು ಅಂದಾಗ ನನ್ನ ಮಾತು ನಂಬಿದ್ರಿ. ಈಗ್ಲೂ ನಾನೇ ಎಣಿಸ್ತಿರೋದು. ಬೇಕಾದ್ರೆ ನೀವೂ ಎಣಿಸಿ."

ಅವರು 'ಹ್ಞುಂ' ಎಂದರು. ಹೋಗಲೂ ಇಲ್ಲ, ಎಣಿಸಲೂ ಇಲ್ಲ.

ಅರ್ಧ ಗಂಟೆಗೆ ಐವತ್ತೇಳು. ಒಂದು ಗಂಟೆಗೆ ಮೂವತ್ತೊಂಬತ್ತು. ಆ ಹೊತ್ತಿಗೆ ಶ್ರೀಕರ್ ಪಕ್ಕದಲ್ಲಿ ಬಂದು ಕುಳಿತಿದ್ದ. ಮುಖ ಊದಿಸಿಕೊಂಡೇ ಗಡಿಯಾರ ನೋಡುತ್ತಿದ್ದ. ಬೀದಿದೀಪ ಹತ್ತಿದ ಮೇಲೆ, ಮೂರು ಗಂಟೆ ತುಂಬಿದಾಗ, ಕೊನೆಯ ಸಲ ಎಣಿಸಿದಳು. ಇಪ್ಪತ್ತಮೂರು. ಖಾಲಿ ಮೇಜಿಗಿಂತ ಒಂದೇ ಒಂದು ಹೆಚ್ಚು.

ಪಂಕಜಜ್ಜಿ ಚೀಲ ಹಿಡಿದು ಬಂದು ಎರಡು ಕಟ್ಟು ಮೆಂತ್ಯ ತೆಗೆದುಕೊಂಡರು. ಇನ್ನೊಬ್ಬ ಆಂಟಿ ಅನುಮಾನಿಸುತ್ತಲೇ ದಂಟು ಕೊಂಡರು. ಅಷ್ಟೇ. ಮಿಕ್ಕ ಬಾಲ್ಕನಿಗಳ ತಲೆಗಳು ಒಳಗೆ ಹೋದವು, ಗಂಗಾಧರಯ್ಯನವರೂ ಛತ್ರಿ ಸಮೇತ ಮನೆಗೆ ಹೋದರು.

"ಅಜ್ಜಿ, ತೊಂಬತ್ತಾರನ್ನ ಹೊಡೆದು ಹಾಕ್ಲಾ?"

"ಯಾಕೆ? ಅದೂ ಮಳೆ ಹೇಳಿದ್ದೇ. ಇರಲಿ ಬಿಡು."

ಶ್ರೀಕರ್ ಹೊಸ ವೀಡಿಯೋ ಕಳಿಸಿದ. ಇಬ್ಬರೂ ಮೊಬೈಲ್ ನೋಡುತ್ತಾ ಕಾದರು. ಐದು ನಿಮಿಷವಾಯಿತು, ಹತ್ತಾಯಿತು. ಬಂದದ್ದು ಒಂದೇ ಒಂದು ಥಂಬ್ಸ್ ಅಪ್, ಅದೂ ಸಮನ್ವಿತಾಳ ಅಮ್ಮನದು.

"ಯಾರೂ ಫಾರ್ವರ್ಡ್ ಮಾಡ್ತಿಲ್ಲ ಕಣೇ," ಎಂದ ಶ್ರೀಕರ್.

ಸಮನ್ವಿತಾ ಮೌನೇಶನ ಆಟೋ ಕಡೆ ನೋಡಿದಳು. ಅವನು ಉಳಿದ ಸೊಪ್ಪಿಗೆ ಟಾರ್ಪಾಲು ಹೊದಿಸುತ್ತಿದ್ದ. ತೊಂಬತ್ತಾರು ತಾನಾಗೇ ಓಡಿಹೋಗಿತ್ತು. ಇಪ್ಪತ್ತಮೂರಕ್ಕೆ ಕಾಲೇ ಇಲ್ಲ.

"ಅಣ್ಣ, ಇನ್ನೊಂದು ಹತ್ತು ನಿಮಿಷ ಇರಿ. ಮುಟ್ಟಬೇಡಿ ಅಂತ ಹಾಕಿದೋರ ಹತ್ರಾನೇ ಇದನ್ನೂ ಹಾಕಿಸ್ತೀನಿ," ಎಂದಳು.

ನೋಟ್‌ಬುಕ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ರಸ್ತೆ ದಾಟಿ, ಗಂಗಾಧರಯ್ಯನವರ ಗೇಟು ತಳ್ಳಿ ಬೆಲ್ ಒತ್ತಿದಳು.