ಪ್ರಾರ್ಥನಿ ಮಾಡಿ ಹೇಳ್ತೀನಿ

"ಪ್ರಾರ್ಥನಿ ಮಾಡಿ ಹೇಳ್ತೀನಿ," ಅಂದಳು ಸುವಾರ್ತ.

ನನ್ನ ಮದುವೆಯಾಗ್ತೀಯಾ ಅಂತ ಕೇಳಿದವನಿಗೆ ಸಿಕ್ಕ ಉತ್ತರ ಇಷ್ಟೇ. ಸುಂಕೇಶನ ಮೈಯೆಲ್ಲ ಉರಿಯಿತು. ಒಲ್ಲೆ ಅನ್ನುವುದಿದ್ದರೆ ಮುಖಕ್ಕೆ ಹೇಳಬೇಕಿತ್ತು. ದೇವರನ್ನು ಯಾಕೆ ನಡುವೆ ತಂದು ನಿಲ್ಲಿಸಬೇಕು?

ಆಂಧ್ರ ಗಡಿಯ ಕೋಸಗಿಯ ಸ್ಟೇಷನ್ ರಸ್ತೆಯಲ್ಲಿ ಅವನದು ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾರುವ ಬಂಡಿ. ಎದುರಿಗೇ ಅವಳು ಬ್ಲೌಸ್ ಹೊಲಿಯುವ ಟೈಲರ್ ಅಂಗಡಿ. ಮರುದಿನವೇ ಅವನು ಬಂಡಿ ತಿರುಗಿಸಿ, ಆ ಕಡೆ ಬೆನ್ನು ಬರುವಂತೆ ನಿಂತ. ಆದರೆ ಹೊಲಿಗೆ ಮಷೀನಿನ ಸದ್ದು ನಿಂತಾಗಲೆಲ್ಲ ಕುತ್ತಿಗೆ ತಾನಾಗಿ ಹೊರಳುತ್ತಿತ್ತು. ಅವಳು ಹಲ್ಲಿನಿಂದ ದಾರ ಕಡಿಯುತ್ತ, ರೆಪ್ಪೆ ಎತ್ತಿ ಇತ್ತಲೇ ನೋಡುತ್ತಿರುತ್ತಿದ್ದಳು. ಸಿಕ್ಕಿಬಿದ್ದವನಂತೆ ಅವನು ಮೆಣಸಿನಕಾಯಿ ಸೀಳತೊಡಗುತ್ತಿದ್ದ.

ಮನೆಯಲ್ಲಿ ಮಾತಾಡುವವರಿಲ್ಲ. ಅವ್ವ ಕೊಂಡಮ್ಮ ತೀರಿಕೊಂಡ ಮೇಲೆ ಅವನೊಬ್ಬನೇ. ಓಣಿಯ ಅರ್ಧ ಬಾಗಿಲುಗಳಿಗೆ ಬೀಗ. ಜನ ದುಡಿಯಲು ಗುಂಟೂರು ಕಡೆ ಹೋಗಿದ್ದರು. ಬೆಕ್ಕು ಒಳಗೆ ಬಂದರೂ ಓಡಿಸಲು ಮನಸ್ಸಾಗುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಸುವಾರ್ತ ತಾನೇ ಬಂಡಿಯ ಹತ್ತಿರ ಬಂದಳು. ಚರ್ಚಿನ ಉಪವಾಸ ಪ್ರಾರ್ಥನೆ ಮುಗಿಸಿ ನೇರ ಬಂದಿದ್ದಳು. ಬಾಡಿದ ಮುಖ, ಕೈಯಲ್ಲಿ ಬೈಬಲ್.

"ಏನಂದಾನ ನಿಮ್ಮ ದೇವ್ರು?" ಅಂದ, ತಲೆ ಎತ್ತದೆ. "ಒಗ್ಗರಣಿ ಮಾರಾವ ಬ್ಯಾಡ ಅಂದಾನೇನು?"

"ಆತ ನಿನ್ನಷ್ಟು ಸಿಟ್ಟಿನಾಂವಲ್ಲ."

"ಅವ್ವ ಆದೋನಿ ದವಾಖಾನಿಯಾಗ ಇದ್ದಾಗೂ ಬಂದು ಪ್ರಾರ್ಥನಿ ಮಾಡಿದಿ. ಏನಾತು? ಉಳದಳೇನು?"

ಅವಳು ಬಂಡಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಉಳಸು ಅಂತ ಮೊದಲು ಕೇಳಿದೆ. ಕಡೀಗೆ, ಆಕಿಗೆ ಅಂಜಿಕಿ ಆಗಬಾರದು ಅಂತ ಕೇಳಿದೆ. ಆಕೀನೇ ನನ್ನ ಕೈ ಹಿಡದು, 'ಇನ್ನೊಂದ್ಸಲ ಮಾಡವ್ವ' ಅಂದಳು. ನೀ ಆವಾಗ ಹೊರಗ ಡಾಕ್ಟರ್ ಜೋಡಿ ಜಗಳಕ್ಕ ನಿಂತಿದ್ದಿ."

ಅವನ ಕೈಯ ಚಾಕು ನಿಂತಿತು. ಕಡೆಗೆ ಅವ್ವನ ಮುಖ ನಿದ್ದೆ ಬಂದವರ ಮುಖದಂತಿತ್ತು. ಯಾಕೆಂದು ಅವನು ಯಾರನ್ನೂ ಕೇಳಿರಲಿಲ್ಲ.

"ಹೋಗ್ಲಿ," ಅಂದ, ದನಿ ತಗ್ಗಿಸಿ. "ನನ್ನ ಮಾತು ಏನಾತು?"

"ದಾರಿ ತೋರಸು ಪ್ರಭುವೇ ಅಂತ ದಿನಾ ಕೇಳಿದೆ. ಆತ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದ್ರ ಕಣ್ಣು ಮುಚ್ಚಿದ ಕೂಡ್ಲೆ, ಸುಂಕೇಶ ಉಂಡಾನೋ ಇಲ್ಲೋ ಅನ್ನೋದೇ ಮೊದಲು ಬರತೈತಿ. ಮನಸಿನಾಗ ಸಮಾಧಾನ ಐತಿ. ಅದೇ ಉತ್ತರ ಅಂತ ತಿಳಕಂಡೆ."

ಎಣ್ಣೆಯ ಹೊಗೆಯ ನೆವದಲ್ಲಿ ಅವನು ಕಣ್ಣು ಒರೆಸಿಕೊಂಡ.

"ಮತ್ತ ನಿಮ್ಮಪ್ಪ? ಪಾಸ್ಟರ್ ಮಗಳನ್ನ ನನಗ ಕೊಡ್ತಾರೇನು?"

"ನೀ ಬಾಪ್ತಿಸ್ಮ ತಗೊಂಡ್ರ ಕೊಡ್ತೀನಿ ಅಂದಾರ."

"ಹೆಂಡ್ತಿ ಸಲುವಾಗಿ ನೀರಾಗ ಮುಳುಗಿ ಎದ್ರ ಅದು ಸುಳ್ಳಾಕೈತಿ, ಸುವಾರ್ತ."

"ನಾನೂ ಅದನ್ನ ಹೇಳೀನಿ. ಸುಳ್ಳು ಹೊತ್ಕಂಡು ಆತನ ಮುಂದ ನಿಂದ್ರಂಗಿಲ್ಲ ಅಂದೆ." ಅವಳು ಬೈಬಲ್ಲನ್ನು ಎದೆಗೆ ಒತ್ತಿಕೊಂಡಳು. "ಬಾಪ್ತಿಸ್ಮ ಇಲ್ದ ಮದುವಿ ಆದ್ರ, ಇನ್ನ ಮ್ಯಾಲೆ ಚರ್ಚಿನಾಗ ಮುಂದ ನಿಂತು ಹಾಡಬ್ಯಾಡ ಅಂದ್ರು ಅಪ್ಪ."

"ಹಾಡು ಬಿಟ್ಟು ನೀ ಹೆಂಗ ಇರ್ತಿ?"

"ಗೊತ್ತಿಲ್ಲ," ಅಂದಳು. "ನಿನ್ನ ಬಿಟ್ಟು ಹೆಂಗ ಇರಬೇಕು ಅನ್ನೋದೂ ಗೊತ್ತಿಲ್ಲ."

ಆದೋನಿಯ ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಯಿತು. ಅವಳ ಅಪ್ಪ ಬರಲಿಲ್ಲ. ಬಾಗಿಲ ಕಡೆ ನೋಡುವುದನ್ನು ಅವಳು ಬಸ್ ಹತ್ತುವವರೆಗೂ ಬಿಡಲಿಲ್ಲ.

ಮುಂದಿನ ಭಾನುವಾರ ಚರ್ಚಿನ ಮೈಕಿನಲ್ಲಿ ಬೇರೆ ಯಾರದೋ ದನಿ ಬಂತು. ಸುವಾರ್ತ ಬಂಡಿಯ ಹಿಂದೆ ಸ್ಟೂಲಿನ ಮೇಲೆ ಒಬ್ಬಳೇ ಕೂತಿದ್ದಳು. ಮೈಕಿನ ಹಾಡು ಮುಗಿಯುವವರೆಗೂ ಆ ಕಡೆಗೇ ಕಿವಿಗೊಟ್ಟಳು. ಆಮೇಲೆ ಕಣ್ಣು ಮುಚ್ಚಿ, ತನ್ನಷ್ಟಕ್ಕೆ ತಾನು, ಮೆಲ್ಲಗೆ ತೆಲುಗಿನ ಹಾಡೊಂದನ್ನು ಎತ್ತಿಕೊಂಡಳು.

ಒಲೆಯ ಭರ್ರೆನ್ನುವ ಸದ್ದಿನಲ್ಲಿ ಒಂದು ಪದವೂ ಕೇಳಲಿಲ್ಲ. ಸುಂಕೇಶ ಕೈ ಚಾಚಿ ಒಲೆ ಆರಿಸಿದ.

"ಏನಲೇ, ಮಿರ್ಚಿ ಇನ್ನಾ ಅರ್ಧ ಬೆಂದಾವ," ಅಂದ ಗಿರಾಕಿ.

"ತಡಿಯಣ್ಣ," ಅಂದ ಸುಂಕೇಶ. "ಹಾಡು ಮುಗೀಲಿ."